ಅಕ್ಕಪಕ್ಕದ ನಿರ್ಬಂಧವಿರುವ ಕ್ರಮಯೋಜನೆಗಳು

ಕೊಟ್ಟಿರುವ ವಸ್ತುಗಳನ್ನು ಸಾಲಿನಲ್ಲೋ ವೃತ್ತದಲ್ಲೋ ಜೋಡಿಸುವಾಗ ಅವುಗಳಲ್ಲಿ ಕೆಲವು ಒಂದರ ಪಕ್ಕ ಒಂದು ಬರಲೇಬೇಕು ಅಥವಾ ಬರಲೇಕೂಡದು ಎಂಬ ಷರತ್ತು ಇದ್ದರೆ, ಆ ಷರತ್ತಿಗೆ ಒಳಪಟ್ಟ ಜೋಡಣೆಗಳನ್ನು ಅಕ್ಕಪಕ್ಕದ ನಿರ್ಬಂಧವಿರುವ ಕ್ರಮಯೋಜನೆಗಳು ಎನ್ನುತ್ತಾರೆ. ಎಣಿಕೆಯ ಗಣಿತಕ್ಕೆ ಸೇರಿದ ಈ ವಿಷಯ ಕರ್ನಾಟಕದಲ್ಲಿ ಪ್ರಥಮ ಪಿಯುಸಿ ತರಗತಿಯ ‘ಕ್ರಮಯೋಜನೆಗಳು ಮತ್ತು ವಿಕಲ್ಪಗಳು’ ಎಂಬ ಪಾಠದ ಮೂಲಕ ವಿದ್ಯಾರ್ಥಿಗಳಿಗೆ ಪರಿಚಯವಾಗುತ್ತದೆ. ಆದರೆ ಲಘು ಗುರುಗಳ ನೆರೆಹೊರೆಯನ್ನು ಎಣಿಸುವ ಛಂದಶ್ಶಾಸ್ತ್ರದ ರೂಪದಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆಗಳು ಕನ್ನಡದಲ್ಲಿ ಸಾವಿರ ವರ್ಷಗಳಿಂದ ಇವೆ. ಬಿಡಿಸುವ ವಿಧಾನಗಳು ಹಲವಾಗಿ ಕಂಡರೂ ಅವುಗಳಲ್ಲಿ ಬಹುತೇಕ ಎರಡು ಉಪಾಯಗಳಿಂದ ಹೊರಟಿವೆ: ಒಟ್ಟಿಗಿರಬೇಕಾದವನ್ನು ಒಂದೇ ಕಟ್ಟಾಗಿ ಕಟ್ಟುವುದು, ದೂರವಿರಬೇಕಾದವನ್ನು ಉಳಿದವುಗಳ ನಡುವಿನ ತೆರಪುಗಳಲ್ಲಿ ಕೂರಿಸುವುದು. ಯಾವಾಗ ಯಾವುದನ್ನು ಬಳಸಬೇಕೆಂಬುದು ಲೆಕ್ಕದ ಅಂಕಿಗಳಿಗಿಂತ ಹೆಚ್ಚಾಗಿ ಷರತ್ತನ್ನು ಹೇಳಿರುವ ವಾಕ್ಯವನ್ನು ಅವಲಂಬಿಸಿರುತ್ತದೆ.

ಮೂಲ ಎಣಿಕೆ

ಬೇರೆ ಬೇರೆಯಾದ ‘ನ’ ವಸ್ತುಗಳನ್ನು ಸಾಲಾಗಿ ಇಡುವಾಗ ಮೊದಲ ಸ್ಥಾನಕ್ಕೆ ‘ನ’ ಆಯ್ಕೆಗಳು, ಎರಡನೆಯದಕ್ಕೆ ಅದಕ್ಕಿಂತ ಒಂದು ಕಡಿಮೆ, ಹೀಗೆ ಕೊನೆಯ ಸ್ಥಾನಕ್ಕೆ ಒಂದೇ ಆಯ್ಕೆ ಉಳಿಯುವುದರಿಂದ ಒಟ್ಟು ಜೋಡಣೆಗಳ ಸಂಖ್ಯೆ 1ರಿಂದ ‘ನ’ವರೆಗಿನ ಸಂಖ್ಯೆಗಳ ಗುಣಲಬ್ಧವಾಗುತ್ತದೆ. ತರಗತಿಗಳಲ್ಲಿ ಫ್ಯಾಕ್ಟೋರಿಯಲ್ ಎಂದೇ ರೂಢಿಯಲ್ಲಿರುವ ಈ ಕ್ರಮಗುಣಿತವನ್ನು ‘ನ!’ ಎಂದು ಬರೆಯಲಾಗುತ್ತದೆ. ಬೆಂಗಳೂರಿನ ಉತ್ತರ ಭಾಗದ ‘ಯಶವಂತಪುರ’ ಎಂಬ ಹೆಸರನ್ನು ತೆಗೆದುಕೊಂಡರೆ ಅದರಲ್ಲಿ ಯ, ಶ, ವಂ, ತ, ಪು, ರ ಎಂಬ ಆರು ಅಕ್ಷರಗಳಿದ್ದು ಯಾವುದೂ ಮರುಕಳಿಸುವುದಿಲ್ಲವಾದ್ದರಿಂದ, ಅವುಗಳನ್ನು ಯಾವ ಷರತ್ತೂ ಇಲ್ಲದೆ 6!, ಅಂದರೆ 720 ರೀತಿಗಳಲ್ಲಿ ಜೋಡಿಸಬಹುದು. ಷರತ್ತು ಬಂದಾಗ ಈ 720ರಲ್ಲಿ ಎಷ್ಟು ಉಳಿಯುತ್ತವೆ ಎಂಬುದೇ ಪ್ರಶ್ನೆ.

ಕಟ್ಟುವ ವಿಧಾನ

ಎರಡು ಅಥವಾ ಹೆಚ್ಚು ವಸ್ತುಗಳು ಒಟ್ಟಿಗೇ ಬರಬೇಕೆಂದಿದ್ದರೆ ಅವುಗಳನ್ನು ಒಂದೇ ಘಟಕವೆಂದು ಪರಿಗಣಿಸಿ, ಆ ಘಟಕವನ್ನು ಉಳಿದ ವಸ್ತುಗಳ ಜತೆ ಜೋಡಿಸಿ, ಬಳಿಕ ಘಟಕದ ಒಳಗಿನ ವಸ್ತುಗಳು ತಮ್ಮತಮ್ಮಲ್ಲೇ ಸ್ಥಾನ ಬದಲಿಸುವ ರೀತಿಗಳಿಂದ ಗುಣಿಸಬೇಕು. ಯಶವಂತಪುರದ ಅಕ್ಷರಗಳಲ್ಲಿ ‘ತ’ ಮತ್ತು ‘ರ’ ಅಕ್ಕಪಕ್ಕ ಬರಬೇಕೆಂದರೆ ಆ ಜೋಡಿ ಒಂದು ಘಟಕ, ಉಳಿದವು ನಾಲ್ಕು, ಒಟ್ಟು ಐದು; ಇವುಗಳ ಜೋಡಣೆ 5! = 120, ಒಳಗಡೆ ‘ತರ’ ಅಥವಾ ‘ರತ’ ಎಂಬ 2 ಕ್ರಮಗಳು, ಆದ್ದರಿಂದ ಉತ್ತರ 240.

ಒಳಗಿನ ಕ್ರಮವೂ ನಿಗದಿಯಾಗಿದ್ದರೆ ಎರಡನೆಯ ಗುಣಾಕಾರ ಬೇಕಿಲ್ಲ. ಇದಕ್ಕೆ ಕನ್ನಡ ಲಿಪಿಯೇ ಸಹಜವಾದ ನಿದರ್ಶನವಾಗಿದೆ. ಗಣಕಯಂತ್ರದ ಯೂನಿಕೋಡ್ ವ್ಯವಸ್ಥೆಯಲ್ಲಿ ‘ಯಶವಂತಪುರ’ ಎಂಬ ಪದ ಆರಲ್ಲ, ಎಂಟು ಸಂಕೇತಗಳಾಗಿ ದಾಖಲಾಗುತ್ತದೆ, ಏಕೆಂದರೆ ‘ವಂ’ ಅಕ್ಷರದ ಅನುಸ್ವಾರಕ್ಕೂ ‘ಪು’ ಅಕ್ಷರದ ಉಕಾರದ ಕೊಂಬಿಗೂ ಪ್ರತ್ಯೇಕ ಸಂಕೇತಗಳಿವೆ. ಎಂಟು ಸಂಕೇತಗಳನ್ನು ಮನಬಂದಂತೆ ಜೋಡಿಸಿದರೆ 8! = 40,320 ಸಾಲುಗಳು ಸಿಗುತ್ತವೆ; ಆದರೆ ಅನುಸ್ವಾರ ‘ವ’ ವ್ಯಂಜನದ ಬೆನ್ನಿಗೂ ಕೊಂಬು ‘ಪ’ ವ್ಯಂಜನದ ಬೆನ್ನಿಗೂ ಅದೇ ಕ್ರಮದಲ್ಲಿ ಅಂಟಿಕೊಂಡೇ ಇರಬೇಕೆಂದು ವಿಧಿಸಿದ ಕೂಡಲೇ ಎರಡು ಬಿಗಿ ಕಟ್ಟುಗಳು ಉಂಟಾಗಿ, ಎಣಿಕೆ 6! = 720ಕ್ಕೆ, ಅಂದರೆ 56ನೆಯ ಒಂದು ಪಾಲಿಗೆ ಇಳಿಯುತ್ತದೆ. ಕಟ್ಟುವ ವಿಧಾನದಲ್ಲಿ ಗಣಿತ ಕೃತಕವಾಗಿ ಮಾಡುವ ಕೆಲಸವನ್ನು ಅಕ್ಷರ ಎಂಬ ಪರಿಕಲ್ಪನೆ ಮೊದಲೇ ಮಾಡಿಟ್ಟಿರುತ್ತದೆ.

ತೆರಪಿನ ವಿಧಾನ

ಕೆಲವು ವಸ್ತುಗಳಲ್ಲಿ ಯಾವ ಎರಡೂ ಅಕ್ಕಪಕ್ಕ ಬರಬಾರದೆಂದಿದ್ದರೆ ಮೊದಲು ನಿರ್ಬಂಧವಿಲ್ಲದ ವಸ್ತುಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆಯೂ ಎರಡು ತುದಿಗಳಲ್ಲೂ ಉಂಟಾಗುವ ತೆರಪುಗಳಲ್ಲಿ ನಿರ್ಬಂಧವಿರುವ ವಸ್ತುಗಳನ್ನು ಒಂದು ತೆರಪಿಗೆ ಒಂದರಂತೆ ಇಡಬೇಕು. ‘ತ’ ಮತ್ತು ‘ರ’ ಪಕ್ಕಪಕ್ಕ ಬರಬಾರದು ಎಂಬ ಪ್ರಶ್ನೆಯಲ್ಲಿ ಉಳಿದ ನಾಲ್ಕು ಅಕ್ಷರಗಳ ಜೋಡಣೆ 4! = 24; ನಾಲ್ಕು ಅಕ್ಷರಗಳಿಗೆ ಐದು ತೆರಪುಗಳು; ಅವುಗಳಲ್ಲಿ ‘ತ’ ಅಕ್ಷರಕ್ಕೆ 5, ‘ರ’ ಅಕ್ಷರಕ್ಕೆ 4 ಆಯ್ಕೆಗಳು; ಆದ್ದರಿಂದ ಉತ್ತರ 24 × 20 = 480. ಎರಡೇ ವಸ್ತುಗಳಿರುವಾಗ ಇದೇ ಉತ್ತರ ಪೂರಕ ಎಣಿಕೆಯಿಂದ, ಅಂದರೆ ಒಟ್ಟು ಮೊತ್ತದಿಂದ ಬೇಡವಾದವನ್ನು ಕಳೆಯುವುದರಿಂದಲೂ ಸಿಗುತ್ತದೆ: 720 − 240 = 480. ಹೀಗೆ ಎರಡು ದಾರಿಗಳ ಉತ್ತರಗಳನ್ನು ತಾಳೆ ನೋಡುವುದು ಈ ಬಗೆಯ ಲೆಕ್ಕಗಳಲ್ಲಿ ತಪ್ಪು ಹಿಡಿಯುವ ಸುಲಭ ಮಾರ್ಗ.

ವಸ್ತುಗಳನ್ನು ಜೋಡಿಸದೆ ಸ್ಥಾನಗಳನ್ನು ಮಾತ್ರ ಆರಿಸುವಾಗಲೂ ಇದೇ ಉಪಾಯ ಅನ್ವಯಿಸುತ್ತದೆ. ಸಾಲಿನ ‘ನ’ ಆಸನಗಳಲ್ಲಿ ಯಾವ ಎರಡೂ ನೆರೆಯವಾಗದಂತೆ ‘ಕ’ ಆಸನಗಳನ್ನು ಆರಿಸುವ ರೀತಿಗಳ ಸಂಖ್ಯೆಯು (ನ − ಕ + 1) ವಸ್ತುಗಳಿಂದ ‘ಕ’ ವಸ್ತುಗಳನ್ನು ಆರಿಸುವ ವಿಕಲ್ಪಗಳ ಸಂಖ್ಯೆಗೆ ಸಮ. ಹತ್ತು ಆಸನಗಳಲ್ಲಿ ಮೂರನ್ನು ಹೀಗೆ ಆರಿಸಲು ಎಂಟರಲ್ಲಿ ಮೂರನ್ನು ಆರಿಸುವಷ್ಟು, ಅಂದರೆ 56 ದಾರಿಗಳಿವೆ.

ಷರತ್ತಿನ ಮಾತು

ನಿರ್ಬಂಧಕ್ಕೆ ಒಳಪಟ್ಟ ವಸ್ತುಗಳು ಮೂರು ಅಥವಾ ಹೆಚ್ಚಾದ ಕೂಡಲೇ ‘ಒಟ್ಟಿಗೆ ಬಾರದಂತೆ’ ಎಂಬ ಮಾತು ಇಬ್ಬಂದಿಯಾಗುತ್ತದೆ. ‘ಯ, ಶ, ವಂ ಒಟ್ಟಿಗೆ ಬಾರದಂತೆ ಜೋಡಿಸಿ’ ಎಂಬ ವಾಕ್ಯಕ್ಕೆ, ಮೂರೂ ಒಂದೇ ಗುಂಪಾಗಿ ಬರಬಾರದು, ಎರಡು ಒಟ್ಟಿಗಿದ್ದರೆ ಅಡ್ಡಿಯಿಲ್ಲ ಎಂಬುದು ಒಂದು ಅರ್ಥ. ಅವುಗಳಲ್ಲಿ ಯಾವ ಎರಡೂ ಅಕ್ಕಪಕ್ಕ ಬರಬಾರದು ಎಂಬುದು ಇನ್ನೊಂದು ಅರ್ಥ. ಮೂರೂ ಒಟ್ಟಿಗಿರುವ ಜೋಡಣೆಗಳು 4! × 3! = 144 ಆದ್ದರಿಂದ ಮೊದಲ ಅರ್ಥದಲ್ಲಿ ಉತ್ತರ 720 − 144 = 576. ಎರಡನೆಯ ಅರ್ಥದಲ್ಲಿ ಉಳಿದ ಮೂರು ಅಕ್ಷರಗಳ ಜೋಡಣೆ 3! = 6, ಅವುಗಳ ನಾಲ್ಕು ತೆರಪುಗಳಲ್ಲಿ ಮೂರನ್ನು ಇಡುವ ರೀತಿಗಳು 4 × 3 × 2 = 24, ಆದ್ದರಿಂದ ಉತ್ತರ 144. ಇವೆರಡರ ಅಂತರವಾದ 432 ಜೋಡಣೆಗಳಲ್ಲಿ ಎರಡು ಅಕ್ಷರಗಳು ಮಾತ್ರ ಜೊತೆಗಿದ್ದು ಮೂರನೆಯದು ಬೇರೆ ಇರುತ್ತದೆ. ಪೂರಕ ಎಣಿಕೆ ಮೊದಲ ಅರ್ಥಕ್ಕೆ, ತೆರಪಿನ ವಿಧಾನ ಎರಡನೆಯ ಅರ್ಥಕ್ಕೆ ಸಲ್ಲುತ್ತದೆ. ಒಂದರ ಬದಲು ಇನ್ನೊಂದನ್ನು ಬಳಸುವುದು ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ‘ಯಾವ ಎರಡೂ’ ಎಂಬ ಪದಗಳು ಪ್ರಶ್ನೆಯಲ್ಲಿದ್ದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ಮರುಕಳಿಸುವ ವಸ್ತುಗಳು

ವಸ್ತುಗಳಲ್ಲಿ ಕೆಲವು ಒಂದೇ ಬಗೆಯವಾಗಿದ್ದರೆ ಅವುಗಳ ಅದಲುಬದಲಿಂದ ಹೊಸ ಜೋಡಣೆ ಹುಟ್ಟುವುದಿಲ್ಲವಾದ್ದರಿಂದ, ಅವುಗಳ ಎಣಿಕೆಯ ಕ್ರಮಗುಣಿತದಿಂದ ಭಾಗಿಸಬೇಕು. ಯಲಹಂಕ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ವೈ, ಇ, ಎಲ್, ಎ, ಎಚ್, ಎ, ಎನ್, ಕೆ, ಎ ಎಂದು ಬರೆಯುವಾಗ ಒಂಬತ್ತು ಅಕ್ಷರಗಳಲ್ಲಿ ‘ಎ’ ಮೂರು ಬಾರಿ ಬರುತ್ತದೆ. ಆದ್ದರಿಂದ ಒಟ್ಟು ಜೋಡಣೆಗಳು 9! ÷ 3! = 60,480. ಮೂರೂ ‘ಎ’ ಒಟ್ಟಿಗಿದ್ದರೆ ಒಂದು ಕಟ್ಟು ಮತ್ತು ಉಳಿದ ಆರು ಅಕ್ಷರಗಳು ಸೇರಿ 7! = 5,040; ಇಲ್ಲಿ ಕಟ್ಟಿನ ಒಳಗೆ ಒಂದೇ ಬಗೆಯ ಅಕ್ಷರಗಳಿರುವುದರಿಂದ 3!ರಿಂದ ಗುಣಿಸಬಾರದು. ಯಾವ ಎರಡು ‘ಎ’ಗಳೂ ಪಕ್ಕಪಕ್ಕ ಬಾರದಿರಬೇಕಾದರೆ ಆರು ಅಕ್ಷರಗಳ ಏಳು ತೆರಪುಗಳಲ್ಲಿ ಮೂರನ್ನು ಆರಿಸಿದರೆ ಸಾಕು: 720 × 35 = 25,200. ಹೆಬ್ಬಾಳವನ್ನು ಎಚ್, ಇ, ಬಿ, ಬಿ, ಎ, ಎಲ್ ಎಂದು ಬರೆದಾಗ ಸಿಗುವ 360 ಜೋಡಣೆಗಳಲ್ಲಿ ಎರಡು ‘ಬಿ’ಗಳು ಒಟ್ಟಿಗಿರುವವು 120, ಬೇರೆಯಾಗಿರುವವು 240. ಕನ್ನಡದಲ್ಲಿ ಬರೆದಾಗ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಎರಡು ಬಕಾರಗಳು ‘ಬ್ಬಾ’ ಎಂಬ ಒತ್ತಕ್ಷರದಲ್ಲಿ ಮೊದಲೇ ಕಟ್ಟಾಗಿ ಕೂತಿರುತ್ತವೆ.

ಸಾಲು ಮತ್ತು ವೃತ್ತ

ವೃತ್ತಾಕಾರದ ಜೋಡಣೆಯಲ್ಲಿ ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. ಎಲ್ಲರೂ ಒಂದೊಂದು ಆಸನ ಸರಿದರೆ ಅದು ಹೊಸ ಜೋಡಣೆಯಲ್ಲ. ಹಾಗಾಗಿ ‘ನ’ ಜನರನ್ನು (ನ − 1)! ರೀತಿಗಳಲ್ಲಿ ಮಾತ್ರ ಕೂರಿಸಲು ಸಾಧ್ಯ. ತುದಿಗಳಿಲ್ಲದಿರುವುದರಿಂದ ತೆರಪುಗಳ ಸಂಖ್ಯೆಯೂ ಒಂದು ಕಡಿಮೆಯಾಗುತ್ತದೆ. ಐವರು ಗಂಡಸರು ಮತ್ತು ಮೂವರು ಹೆಂಗಸರನ್ನು ಊಟದ ಪಂಕ್ತಿಯಲ್ಲಿ ಯಾವ ಇಬ್ಬರು ಹೆಂಗಸರೂ ಪಕ್ಕಪಕ್ಕ ಬಾರದಂತೆ ಕೂರಿಸುವಾಗ ಗಂಡಸರ ಜೋಡಣೆ 5! = 120, ತೆರಪುಗಳು ಆರು, ಆದ್ದರಿಂದ ಉತ್ತರ 120 × 120 = 14,400. ಅದೇ ಎಂಟು ಜನ ದುಂಡು ಮೇಜಿನ ಸುತ್ತ ಕೂತರೆ ಗಂಡಸರ ಜೋಡಣೆ 4! = 24, ತೆರಪುಗಳು ಐದೇ, ಆದ್ದರಿಂದ ಉತ್ತರ 24 × 60 = 1,440. ವೃತ್ತದಲ್ಲಿ ಬೇರೆ ಬೇರೆಯೆಂದು ಗುರುತಿಸಿದ ಹತ್ತು ಆಸನಗಳಲ್ಲಿ ನೆರೆಯವಲ್ಲದ ಮೂರನ್ನು ಆರಿಸುವ ದಾರಿಗಳು ಸಾಲಿನಲ್ಲಿದ್ದಂತೆ 56 ಆಗದೆ 50 ಆಗುವುದಕ್ಕೂ, ಸಾಲಿನ ಮೊದಲ ಮತ್ತು ಕೊನೆಯ ಆಸನಗಳು ಇಲ್ಲಿ ನೆರೆಯವಾಗಿಬಿಡುವುದೇ ಕಾರಣ.

ಸೇರ್ಪಡೆ–ವರ್ಜನೆ

ಬೇರೆ ಬೇರೆ ಜೋಡಿಗಳಿಗೆ ಪ್ರತ್ಯೇಕ ನಿರ್ಬಂಧಗಳಿರುವಾಗ ತೆರಪಿನ ವಿಧಾನ ಸಾಲುವುದಿಲ್ಲ, ಏಕೆಂದರೆ ಒಬ್ಬರಿಗೆ ನಿಷಿದ್ಧವಾದ ನೆರೆ ಇನ್ನೊಬ್ಬರಿಗೆ ನಿಷಿದ್ಧವಲ್ಲ. ಮೂರು ಜೋಡಿ ದಂಪತಿಗಳನ್ನು ಸಾಲಿನಲ್ಲಿ ಯಾವ ಗಂಡಹೆಂಡಿರೂ ಅಕ್ಕಪಕ್ಕ ಬಾರದಂತೆ ಕೂರಿಸುವುದು ಇಂಥ ಪ್ರಶ್ನೆ. ಒಟ್ಟು 720ರಿಂದ ಒಂದೊಂದು ಜೋಡಿ ಒಟ್ಟಿಗಿರುವ ಜೋಡಣೆಗಳನ್ನು, ಅಂದರೆ 3 × 2 × 120 = 720ನ್ನು ಕಳೆಯಬೇಕು; ಹಾಗೆ ಕಳೆಯುವಾಗ ಎರಡು ಜೋಡಿಗಳು ಒಟ್ಟಿಗಿರುವವು ಎರಡು ಬಾರಿ ಕಳೆದುಹೋಗುವುದರಿಂದ 3 × 4 × 24 = 288ನ್ನು ಮತ್ತೆ ಕೂಡಬೇಕು; ಆಗ ಹೆಚ್ಚಾಗಿ ಕೂಡಿಬಂದ, ಮೂರೂ ಜೋಡಿಗಳು ಒಟ್ಟಿಗಿರುವ 8 × 6 = 48ನ್ನು ಕಳೆದರೆ 240 ಎಂಬ ಉತ್ತರ ಸಿಗುತ್ತದೆ. ಹೀಗೆ ಕಳೆದು, ಕೂಡಿ, ಮತ್ತೆ ಕಳೆಯುವ ಕ್ರಮಕ್ಕೆ ಸೇರ್ಪಡೆ–ವರ್ಜನೆ ತತ್ತ್ವವೆಂದು ಹೆಸರು. ಇದರ ಪ್ರತಿ ಹೆಜ್ಜೆಯಲ್ಲೂ ನಡೆಯುವುದು ಕಟ್ಟುವ ವಿಧಾನವೇ.

ನಿಷಿದ್ಧ ನೆರೆಗಳು ಸರಪಳಿಯಂತೆ ಒಂದಕ್ಕೊಂದು ಹೆಣೆದುಕೊಂಡಿರುವ ಪ್ರಶ್ನೆಗೆ ಯಶವಂತಪುರದಿಂದ ಉತ್ತರಕ್ಕೆ ಸಾಗುವ ರೈಲುಮಾರ್ಗ ಒಳ್ಳೆಯ ಉದಾಹರಣೆ. ಯಶವಂತಪುರ, ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ, ಯಲಹಂಕ ಎಂಬ ನಾಲ್ಕು ನಿಲ್ದಾಣಗಳು ಆ ಮಾರ್ಗದಲ್ಲಿ ಇದೇ ಕ್ರಮದಲ್ಲಿವೆ. ಮಾರ್ಗದಲ್ಲಿ ನೆರೆಯಾಗಿರುವ ಯಾವ ಎರಡು ನಿಲ್ದಾಣಗಳೂ ಪಟ್ಟಿಯಲ್ಲಿ ನೆರೆಯಾಗದಂತೆ ಈ ನಾಲ್ಕು ಹೆಸರುಗಳನ್ನು ಬರೆಯಬೇಕೆಂದರೆ, ಒಟ್ಟು 24 ಪಟ್ಟಿಗಳಿಂದ ಮೊದಲು 36ನ್ನು ಕಳೆದು, 16ನ್ನು ಕೂಡಿ, 2ನ್ನು ಕಳೆದಾಗ ಎರಡೇ ಪಟ್ಟಿಗಳು ಉಳಿಯುತ್ತವೆ: ಲೊಟ್ಟೆಗೊಲ್ಲಹಳ್ಳಿ, ಯಲಹಂಕ, ಯಶವಂತಪುರ, ಕೊಡಿಗೇಹಳ್ಳಿ ಎಂಬುದು ಒಂದು, ಅದನ್ನು ಹಿಂದುಮುಂದಾಗಿಸಿದ್ದು ಇನ್ನೊಂದು. ಎರಡು ಅಥವಾ ಮೂರು ನಿಲ್ದಾಣಗಳಿದ್ದರೆ ಇಂಥ ಪಟ್ಟಿಯೇ ಸಾಧ್ಯವಿಲ್ಲ. ಐದಕ್ಕೆ 14, ಆರಕ್ಕೆ 90 ಪಟ್ಟಿಗಳಿವೆ. 1887ರಲ್ಲಿ ಹರ್ಟ್ಸ್‌ಸ್ಪ್ರುಂಗ್ ಎಂಬಾತ ಪರಿಶೀಲಿಸಿದ ಈ ಸಮಸ್ಯೆಯನ್ನು ಚದುರಂಗದ ಭಾಷೆಯಲ್ಲೂ ಹೇಳಬಹುದು: ಹಲಗೆಯ ಪ್ರತಿ ಅಡ್ಡಸಾಲಿಗೂ ಪ್ರತಿ ಕಂಬಸಾಲಿಗೂ ಒಂದೊಂದರಂತೆ ರಾಜರನ್ನು ಇಡಬೇಕು, ಯಾವ ರಾಜನೂ ಇನ್ನೊಬ್ಬನ ಪಕ್ಕದ ಮನೆಯಲ್ಲಿರಬಾರದು.

ಇದೇ ವರ್ಗದ ಪ್ರಸಿದ್ಧ ಸಮಸ್ಯೆಯನ್ನು ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1891ರಲ್ಲಿ ಮುಂದಿಟ್ಟ. ದುಂಡು ಮೇಜಿನ ಸುತ್ತ ಗಂಡಸರೂ ಹೆಂಗಸರೂ ಒಬ್ಬರ ಬಳಿಕ ಒಬ್ಬರಂತೆ ಕೂರಬೇಕು, ಆದರೆ ಯಾವ ಗಂಡಹೆಂಡಿರೂ ಪಕ್ಕಪಕ್ಕ ಇರಬಾರದು ಎಂಬುದು ಅದರ ಷರತ್ತು. ಹೆಂಗಸರು ಮೊದಲೇ ಕೂತಿದ್ದಾರೆಂದುಕೊಂಡರೆ ಗಂಡಸರನ್ನು ಕೂರಿಸುವ ದಾರಿಗಳು ಮೂರು ಜೋಡಿ ದಂಪತಿಗಳಿಗೆ 1, ನಾಲ್ಕು ಜೋಡಿಗಳಿಗೆ 2, ಐದು ಜೋಡಿಗಳಿಗೆ 13, ಆರು ಜೋಡಿಗಳಿಗೆ 80. ಇದಕ್ಕೆ ನೇರ ಸೂತ್ರವನ್ನು 1934ರಲ್ಲಿ ಗಣಿತಜ್ಞ ತೂಶಾರ್ ಪ್ರಕಟಿಸಿದ. 1943ರಲ್ಲಿ ಇರ್ವಿಂಗ್ ಕಪ್ಲಾನ್‌ಸ್ಕಿ ಅದನ್ನು, ವೃತ್ತದಲ್ಲಿ ನೆರೆಯವಲ್ಲದ ಆಸನಗಳನ್ನು ಆರಿಸುವ ಎಣಿಕೆಯಿಂದಲೇ ಸರಳವಾಗಿ ಸಾಧಿಸಿದ.

ಛಂದಸ್ಸಿನಲ್ಲಿ ನೆರೆಯ ನಿರ್ಬಂಧ

ಭಾರತದಲ್ಲಿ ಜೋಡಣೆಗಳ ಎಣಿಕೆ ಬೆಳೆದದ್ದು ಮುಖ್ಯವಾಗಿ ಛಂದಸ್ಸಿನ ಆಸರೆಯಲ್ಲಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ, ಸುಮಾರು 850ರ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ವಿಕಲ್ಪಗಳನ್ನು ಎಣಿಸುವ ಸಾಮಾನ್ಯ ನಿಯಮವನ್ನು ಕೊಟ್ಟಿದ್ದಾನೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ, 1356ರ ‘ಗಣಿತಕೌಮುದಿ’ಯಲ್ಲಿ ನಾರಾಯಣ ಪಂಡಿತ ಅಂಕಿಗಳ ಜೋಡಣೆಯನ್ನು ‘ಅಂಕಪಾಶ’ ಎಂಬ ಹೆಸರಿನಲ್ಲಿ ನಿರೂಪಿಸಿದ್ದಾರೆ. ಕನ್ನಡದಲ್ಲಿ ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನ ‘ಛಂದೋಂಬುಧಿ’ಯು ಲಘು ಗುರುಗಳ ಎಲ್ಲ ವಿನ್ಯಾಸಗಳನ್ನು ಕ್ರಮವಾಗಿ ಹರಡಿ ಬರೆಯುವ ಪ್ರಸ್ತಾರವೇ ಮೊದಲಾದ ಆರು ಪ್ರತ್ಯಯಗಳನ್ನು, ಅಂದರೆ ಎಣಿಕೆಯ ವಿಧಾನಗಳನ್ನು, ವಿವರಿಸುತ್ತದೆ, ಈ ಗ್ರಂಥವನ್ನು ಫರ್ಡಿನಾಂಡ್ ಕಿಟ್ಟೆಲ್ 1875ರಲ್ಲಿ ಮಂಗಳೂರಿನಿಂದ ಸಂಪಾದಿಸಿ ಪ್ರಕಟಿಸಿದರು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂಬ ಲೆಕ್ಕದಲ್ಲಿ ಮೂರು ಮಾತ್ರೆಗಳ ವಿನ್ಯಾಸಗಳು 3, ನಾಲ್ಕು ಮಾತ್ರೆಗಳವು 5, ಐದು ಮಾತ್ರೆಗಳವು 8. ಕೊನೆಯ ಅಕ್ಷರ ಲಘುವಾದರೆ ಉಳಿಯುವುದು ಒಂದು ಮಾತ್ರೆ ಕಡಿಮೆಯಾದ ವಿನ್ಯಾಸ, ಗುರುವಾದರೆ ಎರಡು ಮಾತ್ರೆ ಕಡಿಮೆಯಾದ ವಿನ್ಯಾಸ; ಆದ್ದರಿಂದ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಇಂದು ಫಿಬೊನಾಚಿ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಶ್ರೇಣಿಯನ್ನು ಫಿಬೊನಾಚಿಯ 1202ರ ಗ್ರಂಥಕ್ಕಿಂತ ಮೊದಲೇ ವಿರಹಾಂಕ, ಹೇಮಚಂದ್ರ ಮೊದಲಾದ ಛಂದಶ್ಶಾಸ್ತ್ರಜ್ಞರು ತಿಳಿದಿದ್ದರು.

ಇದಕ್ಕೂ ನೆರೆಯ ನಿರ್ಬಂಧಕ್ಕೂ ನೇರವಾದ ನಂಟಿದೆ. ನಾಲ್ಕು ಅಕ್ಷರಗಳಲ್ಲಿ ಯಾವ ಎರಡು ಗುರುಗಳೂ ಪಕ್ಕಪಕ್ಕ ಬಾರದಂತೆ ಬರೆಯುವ ವಿನ್ಯಾಸಗಳನ್ನು ತೆರಪಿನ ವಿಧಾನದಿಂದ ಎಣಿಸಿದರೆ, ಗುರು ಇಲ್ಲದ್ದು 1, ಒಂದು ಗುರುವಿರುವವು 4, ಎರಡು ಗುರುಗಳಿರುವವು 3, ಒಟ್ಟು 8. ಇದು ಐದು ಮಾತ್ರೆಗಳ ವಿನ್ಯಾಸಗಳ ಸಂಖ್ಯೆಯೇ ಆಗಿರುವುದು ಆಕಸ್ಮಿಕವಲ್ಲ: ಅಂಥ ಪ್ರತಿ ವಿನ್ಯಾಸದ ಕೊನೆಗೂ ಒಂದು ಲಘುವನ್ನು ಸೇರಿಸಿದರೆ ಪ್ರತಿ ಗುರುವಿನ ಮುಂದೆಯೂ ಒಂದು ಲಘು ಇದ್ದೇ ಇರುತ್ತದೆ, ಗುರುವನ್ನೂ ಅದರ ಮುಂದಿನ ಲಘುವನ್ನೂ ಒಂದೇ ಕಟ್ಟಾಗಿಸಿ, ಐದು ಸ್ಥಾನಗಳಲ್ಲಿ ಎರಡನ್ನು ಆಕ್ರಮಿಸುವ ಆ ಕಟ್ಟನ್ನು ಎರಡು ಮಾತ್ರೆಯ ಗುರುವೆಂದು ಓದಿದರೆ ಐದು ಮಾತ್ರೆಗಳ ವಿನ್ಯಾಸ ದೊರೆಯುತ್ತದೆ. ತೆರಪಿನ ವಿಧಾನ ಮತ್ತು ಕಟ್ಟುವ ವಿಧಾನ ಒಂದೇ ಎಣಿಕೆಯ ಎರಡು ಮುಖಗಳೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಕನ್ನಡ ಷಟ್ಪದಿಗಳಲ್ಲಿ ಮಾತ್ರಾಗಣ ಲಘುವಿನಿಂದ ಆರಂಭವಾಗಿ ಅದರ ಬೆನ್ನಿಗೇ ಗುರು ಬರುವುದು, ಅಂದರೆ ಗಣ ‘ಲಗ’ ಎಂದು ಮೊದಲಾಗುವುದು, ಸಾಮಾನ್ಯವಾಗಿ ನಿಷಿದ್ಧ. ಈ ನಿಯಮದಿಂದ ಮೂರು ಮಾತ್ರೆಗಳ ಗಣದ ರೂಪಗಳು 3ರಿಂದ 2ಕ್ಕೂ ನಾಲ್ಕು ಮಾತ್ರೆಗಳವು 5ರಿಂದ 4ಕ್ಕೂ ಐದು ಮಾತ್ರೆಗಳವು 8ರಿಂದ 6ಕ್ಕೂ ಇಳಿಯುತ್ತವೆ. ಕುಮಾರವ್ಯಾಸ ಬಳಸಿದ ಭಾಮಿನೀ ಷಟ್ಪದಿಯಲ್ಲಿ ಚಿಕ್ಕ ಪಾದದ ಗಣಗಳು 3, 4, 3, 4 ಮಾತ್ರೆಗಳವಾದ್ದರಿಂದ ನಿಯಮವಿಲ್ಲದಿದ್ದರೆ 225 ಆಗಬಹುದಾಗಿದ್ದ ವಿನ್ಯಾಸಗಳು 64ಕ್ಕೆ ನಿಲ್ಲುತ್ತವೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದೂ ನೆರೆಯ ಪ್ರಭಾವವೇ: ‘ಹೆಬ್ಬಾಳ’ದಲ್ಲಿ ‘ಹೆ’ ಗುರುವಾಗಿರುವುದು ಮುಂದೆ ‘ಬ್ಬಾ’ ಇರುವುದರಿಂದ, ‘ಬ್ಬಾ’ ಮೊದಲಿಗೆ ಬರುವಂತೆ ಅಕ್ಷರಗಳನ್ನು ಅದಲುಬದಲು ಮಾಡಿದರೆ ‘ಹೆ’ ಮತ್ತೆ ಲಘುವಾಗುತ್ತದೆ.

ಬಳಕೆ ಮತ್ತು ಮಿತಿ

ಸಾಮಾನ್ಯ ಪ್ರವೇಶ ಪರೀಕ್ಷೆಯಂಥ ಕಡೆಗಳಲ್ಲಿ ಪ್ರಶ್ನೆಪತ್ರಿಕೆಗಳನ್ನು ಹಲವು ಆವೃತ್ತಿಗಳಲ್ಲಿ ಮುದ್ರಿಸುವುದರ ಹಿಂದೆಯೂ ಅಕ್ಕಪಕ್ಕದವರಿಗೆ ಒಂದೇ ಆವೃತ್ತಿ ಸಿಗಬಾರದೆಂಬ ನಿರ್ಬಂಧವಿದೆ. ನಾಲ್ಕು ಆವೃತ್ತಿಗಳನ್ನು ಆರು ಜನರ ಸಾಲಿಗೆ ಹಂಚುವಾಗ ಮೊದಲಿನವರಿಗೆ 4, ಮುಂದಿನ ಪ್ರತಿಯೊಬ್ಬರಿಗೂ 3 ಆಯ್ಕೆಗಳಿರುವುದರಿಂದ, ಒಟ್ಟು 4,096 ಹಂಚಿಕೆಗಳಲ್ಲಿ 972 ಮಾತ್ರ ಸಮ್ಮತ. ಒಂದು ಕಣವಿರುವ ತಾಣದ ಪಕ್ಕದ ತಾಣದಲ್ಲಿ ಇನ್ನೊಂದು ಕಣ ಇರಲಾರದೆಂಬ ಮಾದರಿಗಳು ಸಂಖ್ಯಾಕಲನೀಯ ಭೌತಶಾಸ್ತ್ರದಲ್ಲಿ ಬಳಕೆಯಲ್ಲಿವೆ.

ಯಾವ ವಸ್ತುವಿನ ಪಕ್ಕ ಯಾವುದು ಬರಬಹುದೆಂಬುದನ್ನು ಬಿಂದುಗಳೂ ಅವುಗಳನ್ನು ಕೂಡಿಸುವ ಗೆರೆಗಳೂ ಇರುವ ಗ್ರಾಫ್ ಆಗಿ ಬರೆದರೆ, ಸಮ್ಮತವಾದ ಪ್ರತಿ ಜೋಡಣೆಯೂ ಎಲ್ಲ ಬಿಂದುಗಳನ್ನು ಒಮ್ಮೊಮ್ಮೆ ಮಾತ್ರ ಮುಟ್ಟುವ ಒಂದು ದಾರಿಯಾಗುತ್ತದೆ. ಇಂಥ ದಾರಿಗಳನ್ನು ಎಲ್ಲ ಗ್ರಾಫ್‌ಗಳಿಗೂ ಬೇಗ ಎಣಿಸುವ ಸೂತ್ರ ಸಿಕ್ಕಿಲ್ಲ. ಇಪ್ಪತ್ತು ವಸ್ತುಗಳಿದ್ದರೆ 20! ಎಂಬುದು ಸುಮಾರು 2.43 × 10¹⁸. ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವ ಬದಲು, ಈವರೆಗೆ ಬಳಸಿದ ವಸ್ತುಗಳು ಯಾವುವು ಮತ್ತು ಕೊನೆಯಲ್ಲಿರುವುದು ಯಾವುದು ಎಂಬೆರಡನ್ನೇ ನೆನಪಿಟ್ಟು ಮುಂದುವರಿಯುವ ಗಣಕ ವಿಧಾನದಿಂದ ಕೆಲಸ ಸುಮಾರು 42 ಕೋಟಿ ಹೆಜ್ಜೆಗಳಿಗೆ ಇಳಿಯುತ್ತದೆ. ಹಿಂದೆ ಬಂದದ್ದರಲ್ಲಿ ಕಟ್ಟಕಡೆಯದು ಮಾತ್ರ ಮುಂದಿನದನ್ನು ತಡೆಯಬಲ್ಲದು ಎಂಬ ಗುಣವೇ ಈ ಉಳಿತಾಯಕ್ಕೆ ಕಾರಣ. ಮಾತ್ರೆಗಳ ವಿನ್ಯಾಸವನ್ನು ಕೊನೆಯ ಅಕ್ಷರದಿಂದ ವಿಂಗಡಿಸಿದ ಛಂದಶ್ಶಾಸ್ತ್ರದ ಎಣಿಕೆಯೂ ಕೊನೆಯದನ್ನೇ ಹಿಡಿದು ಹೊರಟಿತ್ತು.